ಮುದ್ದೆ-ಮಟನ್ ಊಟಕ್ಕೆ ಇಟಲಿಯ ಗಟ್ಟಿ ಕೆಂಪು ವೈನ್: ಮೊದಲ ಬಾಟಲಿ ಕೊಳ್ಳುವವರಿಗೆ

ಚಿಕ್ಕಬಳ್ಳಾಪುರದ ಕಡೆಯವರಿಗೆ ದ್ರಾಕ್ಷಿಯ ಬಗ್ಗೆ ಹೊರಗಿನವರು ಬಂದು ಪಾಠ ಹೇಳಬೇಕಿಲ್ಲ. ದಿಲ್‌ಕುಶ್ ಯಾವುದು, ಶರದ್ ಯಾವುದು, ರೆಡ್ ಗ್ಲೋಬ್‌ಗೆ ಯಾವಾಗ ರೇಟು ನಿಲ್ಲುತ್ತದೆ, ಆಲಿಕಲ್ಲು ಬಿದ್ದ ಮೇಲೆ ಚಪ್ಪರದಲ್ಲಿ ಉಳಿಯುವುದೆಷ್ಟು, ಎಲ್ಲವೂ ಬಾಯಿಪಾಠ. ಅದೇ ಮನೆಯವರು ಬೆಂಗಳೂರಿನಿಂದ ಬರುವ ನೆಂಟರಿಗೆಂದು 'ಒಂದು ಒಳ್ಳೆ ಇಟಾಲಿಯನ್ ರೆಡ್ ವೈನ್ ಕೊಡಿ' ಎಂದು ಅಂಗಡಿಯಲ್ಲಿ ಕೇಳಿದರೆ ಕೈಗೆ ಬರುವುದು ಸಾಮಾನ್ಯವಾಗಿ ಎರಡರಲ್ಲೊಂದು. ಎಲ್ಲೋ ಹೆಸರು ಕೇಳಿದ್ದೇವೆಂದು ಕಿಯಾಂಟಿ, ಇಲ್ಲವೇ ಬೆಲೆ ಜಾಸ್ತಿ ಇದೆ, ಚೆನ್ನಾಗಿರಲೇಬೇಕು ಎಂದು ಬರೋಲೊ. ಎರಡೂ ಒಳ್ಳೆಯ ವೈನ್‌ಗಳೇ. ಖಾರವಾದ ನಾಟಿಕೋಳಿ ಸಾರಿನ ಜೊತೆ ಕುಡಿದರೆ ಮಾತ್ರ ಕೊಟ್ಟ ದುಡ್ಡು ನೆನಪಾಗಿ ಹೊಟ್ಟೆ ಉರಿಯುತ್ತದೆ.

ತಪ್ಪುವುದು ಕೊಳ್ಳುವ ಕ್ರಮದಲ್ಲಿ. ಹೆಸರಿನಿಂದ ಶುರು ಮಾಡಬೇಡಿ. ನಿಮ್ಮ ನಾಲಿಗೆಗೆ ಎಷ್ಟು ಒಗರು ಹಿಡಿಸುತ್ತದೆ, ಅವತ್ತಿನ ಅಡುಗೆ ಏನು ಎಂಬುದು ಮೊದಲು ಗೊತ್ತಾಗಲಿ. ತಳಿ ಆಮೇಲೆ. ಅಂಗಡಿಗೆ ಹೋಗುವುದು ಎಲ್ಲಕ್ಕಿಂತ ಕೊನೆಗೆ.

ಹಂತ 1: ಒಗರಿನ ಪರಿಚಯ ಮಾಡಿಕೊಳ್ಳಿ

ನಮ್ಮ ಭಾಗದ ಹಳೆಯ ದ್ರಾಕ್ಷಿ ಬೆಂಗಳೂರು ಬ್ಲೂ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಈ ತಳಿ ಮೂಲದಲ್ಲಿ ಅಮೆರಿಕದಿಂದ ಬಂದ ಇಸಬೆಲ್ಲಾ. ತಮಾಷೆಯೆಂದರೆ ಇದೇ ಇಸಬೆಲ್ಲಾ ಇಟಲಿಯ ಹಳ್ಳಿಮನೆಗಳ ಹಿತ್ತಲಲ್ಲೂ ಇದೆ. ಅಲ್ಲಿ ಅದನ್ನು ಉವಾ ಫ್ರಾಗೋಲಾ, ಅಂದರೆ ಸ್ಟ್ರಾಬೆರಿ ದ್ರಾಕ್ಷಿ ಎನ್ನುತ್ತಾರೆ. ಮನೆಮಟ್ಟಿಗೆ ವೈನ್ ಮಾಡಿಕೊಳ್ಳುತ್ತಾರೆ, ಆದರೆ ಯುರೋಪಿನ ಕಾನೂನಿನ ಪ್ರಕಾರ ಆ ದ್ರಾಕ್ಷಿಯ ವೈನನ್ನು ವೈನ್ ಎಂದು ಮಾರುವಂತಿಲ್ಲ. ನಮ್ಮಲ್ಲಿ ಅದು ಜ್ಯೂಸ್‌ಗೆ, ಜಾಮ್‌ಗೆ, ಸಿಹಿಯಾದ ಪೋರ್ಟ್ ವೈನ್‌ಗೆ ಹೋಗುತ್ತದೆ. ಹಾಗಾಗಿ ನಮ್ಮ ಕಡೆ ಅನೇಕರ ಪಾಲಿಗೆ ವೈನ್ ಅಂದರೆ ಸಿಹಿ, ಗಂಟಲಿಗೆ ಸ್ವಲ್ಪ ಬಿಸಿ, ಜೊತೆಗೆ ದ್ರಾಕ್ಷಿರಸದ ಜೋರು ವಾಸನೆ.

ಇಟಲಿಯ ಗಟ್ಟಿ ಕೆಂಪು ವೈನಿನಲ್ಲಿ ಸಿಹಿ ಹೆಚ್ಚೂಕಡಿಮೆ ಇರುವುದೇ ಇಲ್ಲ. ಹಣ್ಣಿನ ಸಕ್ಕರೆಯನ್ನೆಲ್ಲ ಹುದುಗು ತಿಂದು ಆಲ್ಕೋಹಾಲ್ ಮಾಡಿರುತ್ತದೆ. ಉಳಿಯುವುದು ಹುಳಿ, ಸಿಪ್ಪೆ-ಬೀಜದಿಂದ ಇಳಿದ ಟ್ಯಾನಿನ್ ಮತ್ತು ಹಣ್ಣಿನ ಸಾರ. ನೇರಳೆ ಹಣ್ಣು ತಿಂದ ಮೇಲೆ ನಾಲಿಗೆ ದಪ್ಪಗಾಗಿ, ಒಸಡು ಬಿಗಿಯುತ್ತದಲ್ಲ, ಟ್ಯಾನಿನ್ ಮಾಡುವ ಕೆಲಸ ಅದೇ. ಗಟ್ಟಿ ವೈನ್ ಅನ್ನುವಾಗ ಜನ ಹೇಳುವುದು ಈ ಒಗರು, ಶೇ 13.5ರಿಂದ 15ರ ಆಸುಪಾಸಿನ ಆಲ್ಕೋಹಾಲ್ ಮತ್ತು ಬಾಯಿ ತುಂಬುವ ಸಾಂದ್ರತೆ, ಈ ಮೂರೂ ಸೇರಿದ್ದನ್ನು. ಬಣ್ಣವನ್ನು ಮಾತ್ರ ನಂಬಬೇಡಿ. ಯಾಕೆಂದು ಮುಂದೆ ಗೊತ್ತಾಗುತ್ತದೆ.

ಇದನ್ನು ಓದಿ ತಿಳಿಯುವುದಕ್ಕಿಂತ ರುಚಿ ನೋಡಿ ತಿಳಿಯುವುದು ಸುಲಭ. ಅದಕ್ಕೆ ಇಟಲಿಗೆ ಹೋಗಬೇಕಿಲ್ಲ. ಗೌರಿಬಿದನೂರಿನಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲೇ ಸಿಗುವ ದೊಡ್ಡಬಳ್ಳಾಪುರದ ಹತ್ತಿರ, ನಂದಿಬೆಟ್ಟದ ಮಗ್ಗುಲಲ್ಲಿ ಗ್ರೋವರ್ ತೋಟವಿದೆ. ಕನ್ವಲ್ ಗ್ರೋವರ್ ಫ್ರೆಂಚ್ ತಳಿಗಳನ್ನು ತಂದು 1988ರಲ್ಲಿ ಇಲ್ಲಿ ನೆಟ್ಟರು. 1992ರಲ್ಲಿ ಮೊದಲ ವೈನ್ ಹೊರಬಂತು. ಫ್ರಾನ್ಸಿನ ಬೋರ್ಡೋದ ವೈನ್ ತಜ್ಞ ಮಿಷೆಲ್ ರೋಲಾಂ ಅವರಂಥವರು ಸಲಹೆಗೆ ಬಂದರು. 2012ರಲ್ಲಿ ನಾಸಿಕ್ ಕಡೆಯ ಕಂಪನಿಯೊಂದಿಗೆ ಕೂಡಿಕೊಂಡು ಗ್ರೋವರ್ ಜಂಪಾ ಆಯಿತು. ತೋಟ, ನೆಲಮಾಳಿಗೆಯ ಪೀಪಾಯಿ ಎಲ್ಲ ತೋರಿಸಿ ನಾಲ್ಕಾರು ವೈನ್‌ಗಳ ರುಚಿ ನೋಡಿಸುವ ವ್ಯವಸ್ಥೆ ಅಲ್ಲಿದೆ. ಮೊದಲೇ ಫೋನ್ ಮಾಡಿ ಹೋಗಿ. ಇಟಲಿಯ ಪಾಠಕ್ಕೆ ಫ್ರೆಂಚ್ ತಳಿ ಯಾಕೆ ಅಂದರೆ, ಕ್ಯಾಬರ್ನೆ ಸೊವಿನ್ಯೊಂ ಮತ್ತು ಶಿರಾಜ್ ಎರಡನ್ನೂ ಅಕ್ಕಪಕ್ಕ ಇಟ್ಟು ಒಂದೊಂದು ಗುಟುಕು ತೆಗೆದುಕೊಂಡರೆ ನಿಮಗೆ ಹಿಡಿಸುವುದು ಒಗರೋ, ಹಣ್ಣಿನ ಮೆದುವೋ ಎಂಬುದು ಅರ್ಧ ಗಂಟೆಯಲ್ಲಿ ಇತ್ಯರ್ಥವಾಗುತ್ತದೆ. ಕ್ಯಾಬರ್ನೆ ಹಿಡಿಸಿತಾ? ಇಟಲಿಯ ಬಿಗಿ ತಳಿಗಳತ್ತ ಧೈರ್ಯವಾಗಿ ಹೋಗಿ. ಶಿರಾಜ್ ಹಿತವೆನಿಸಿತಾ? ದಕ್ಷಿಣ ಇಟಲಿ ನಿಮ್ಮದು. ವಾಪಸ್ ಬರುವಾಗ ಗಾಡಿ ಓಡಿಸಲು ಕುಡಿಯದವರೊಬ್ಬರು ಜೊತೆಗಿರಲಿ, ದೊಡ್ಡಬಳ್ಳಾಪುರ ರಸ್ತೆಯಲ್ಲಿ ಲಾರಿಗಳಿಗೆ ಬರವಿಲ್ಲ.

ಹಂತ 2: ಅವತ್ತಿನ ಸಾರು ಯಾವುದು ನೋಡಿ

ಇಟಲಿಯವರು ಊಟವಿಲ್ಲದೆ ಕೆಂಪು ವೈನ್ ಕುಡಿಯುವುದು ಕಡಿಮೆ. ಅಲ್ಲಿನ ವೈನ್‌ಗಳಲ್ಲಿ ಹುಳಿ ಎದ್ದು ಕಾಣುವುದಕ್ಕೂ ಊಟಕ್ಕೂ ಸಂಬಂಧವಿದೆ. ಟೊಮೆಟೊ, ಕೊಬ್ಬು, ಆಲಿವ್ ಎಣ್ಣೆ ತುಂಬಿದ ತಟ್ಟೆಯ ಮುಂದೆ ಹುಳಿಯಿಲ್ಲದ ವೈನ್ ಸಪ್ಪೆಯಾಗುತ್ತದೆ. ಟೊಮೆಟೊ, ಹುಣಸೆಯಿಲ್ಲದೆ ಅಡುಗೆಯೇ ಇಲ್ಲದ ಚಿಂತಾಮಣಿ, ಶಿಡ್ಲಘಟ್ಟದ ಮನೆಗಳಿಗೆ ಇದು ಅನುಕೂಲ.

ತೊಂದರೆ ಕೊಡುವುದು ಖಾರ. ಬ್ಯಾಡಗಿ, ಗುಂಟೂರು ಎರಡನ್ನೂ ಹುರಿದು ರುಬ್ಬಿದ ಮಸಾಲೆಗೆ ಶೇ 15ರ ಆಲ್ಕೋಹಾಲ್ ಸೇರಿದರೆ ಬಾಯಿ ಉರಿಯುತ್ತದೆ. ಮೇಲೆ ಟ್ಯಾನಿನ್ ಬಂದರೆ ನಾಲಿಗೆ ಒರಟಾಗಿ ವೈನ್ ಕಹಿಯೆನಿಸುತ್ತದೆ. ಕೊಬ್ಬಿನ ಕಥೆ ಬೇರೆ. ಟ್ಯಾನಿನ್ ಮಾಂಸದ ಪ್ರೋಟೀನಿಗೂ ಜಿಡ್ಡಿಗೂ ಅಂಟಿಕೊಂಡು ಮೆತ್ತಗಾಗುತ್ತದೆ. ನಲ್ಲಿ ಮೂಳೆಯ ಮಜ್ಜೆ ಹೀರಿ ಒಂದು ಗುಟುಕು ಒಗರು ವೈನ್ ಕುಡಿದು ನೋಡಿ, ಬಾಯಿ ತೊಳೆದಷ್ಟು ಹಗುರಾಗುತ್ತದೆ, ಮುಂದಿನ ಮೂಳೆಗೆ ಕೈ ತಾನೇ ಹೋಗುತ್ತದೆ.

ಆದ್ದರಿಂದ ಅಡುಗೆಯವರಿಗೆ ಒಂದು ಮಾತು ಹೇಳಿ: ಗಟ್ಟಿ ವೈನ್ ಇರುವ ದಿನ ಒಣಮೆಣಸಿನಕಾಯಿ ಸ್ವಲ್ಪ ಕೈಬಿಗಿ ಹಿಡಿದು, ಕಾಳುಮೆಣಸು, ಚಕ್ಕೆ, ಲವಂಗ, ಗಸಗಸೆ, ಕೊಬ್ಬರಿಯ ಮೇಲೆ ಮಸಾಲೆ ನಿಲ್ಲಲಿ. ಕಾಲು ಸೂಪು, ಖೈಮಾ ಉಂಡೆ ಸಾರು, ಕೊಬ್ಬಿರುವ ಕುರಿಮಾಂಸ ಎಲ್ಲ ಹೊಂದುತ್ತವೆ. ಮೀನಿಗೆ ಬೇಡ, ಒಗರು ವೈನಿನ ಜೊತೆ ಮೀನು ಕಬ್ಬಿಣ ನೆಕ್ಕಿದಂಥ ರುಚಿ ಕೊಡುತ್ತದೆ. ಸಸ್ಯಾಹಾರಿಗಳು ಬೇಸರಪಡಬೇಕಿಲ್ಲ. ಅವರೆಕಾಯಿ ಕಾಲದ ಹಿತಕಿದ ಬೇಳೆ ಸಾರು, ಎಣ್ಣೆ ತೇಲುವ ಬದನೆಕಾಯಿ ಪಲ್ಯ, ಅಣಬೆ, ಎಲ್ಲಕ್ಕೂ ಮೆದುವಾದ ಕೆಂಪು ಒಪ್ಪುತ್ತದೆ.

ಹಂತ 3: ತಳಿ ಆರಿಸಿ

ಇಟಲಿಯಲ್ಲಿ ನೂರಾರು ತಳಿಗಳಿವೆ. ಮೊದಲ ಬಾಟಲಿಗೆ ಕೆಲವೇ ಸಾಕು.

ನನ್ನ ಶಿಫಾರಸು ಮೊಂತೆಪುಲ್ಚಾನೊ. ಇಟಲಿಯ ಪೂರ್ವ ಕರಾವಳಿಯ ಅಬ್ರುಜ್ಜೊ ಸೀಮೆಯದು, ಬಾಟಲಿಯ ಮೇಲೆ ಮೊಂತೆಪುಲ್ಚಾನೊ ದ'ಅಬ್ರುಜ್ಜೊ ಎಂದಿರುತ್ತದೆ. ಕಡುಗೆಂಪು, ಬಾಯಿ ತುಂಬುತ್ತದೆ, ಒಗರು ಇದ್ದರೂ ಕಚ್ಚುವುದಿಲ್ಲ, ಬೆಲೆಯೂ ಇಟಲಿಯ ವೈನ್‌ಗಳ ಸಾಲಿನಲ್ಲಿ ಕೆಳಗಿನ ಮೆಟ್ಟಿಲಿನಲ್ಲೇ ಇರುತ್ತದೆ. ಮುದ್ದೆ-ಮಟನ್ ಸಾರಿಗೆ ಇಷ್ಟು ಸಲೀಸಾಗಿ ಕೂರುವ ಇನ್ನೊಂದು ಇಟಾಲಿಯನ್ ಕೆಂಪನ್ನು ನಾನು ಕಾಣೆ. ಒಂದು ಎಚ್ಚರಿಕೆ: ವೀನೊ ನೋಬಿಲೆ ದಿ ಮೊಂತೆಪುಲ್ಚಾನೊ ಎಂಬ ಇನ್ನೊಂದು ವೈನ್ ಇದೆ. ಅಲ್ಲಿ ಮೊಂತೆಪುಲ್ಚಾನೊ ಅನ್ನುವುದು ಟಸ್ಕನಿಯ ಊರಿನ ಹೆಸರು, ಒಳಗಿರುವ ದ್ರಾಕ್ಷಿ ಸಾಂಜೊವೇಸೆ. ಅಂಗಡಿಯವರು ಎರಡನ್ನೂ ಒಂದೇ ಎಂದು ಕೊಟ್ಟುಬಿಡುವುದುಂಟು.

ಆ ಸಾಂಜೊವೇಸೆಯೇ ಇಟಲಿಯ ಅತಿ ಹೆಚ್ಚು ನೆಟ್ಟ ಕೆಂಪು ತಳಿ. ಕಿಯಾಂಟಿ ಕ್ಲಾಸಿಕೊದಲ್ಲಿ ಅದು ಕನಿಷ್ಠ ಶೇ 80 ಇರಲೇಬೇಕು, ಬ್ರುನೆಲ್ಲೊ ದಿ ಮೊಂತಾಲ್ಚಿನೊದಲ್ಲಿ ನೂರಕ್ಕೆ ನೂರು. ಹುಳಿ ಜೋರು, ಒಗರು ಮಧ್ಯಮದಿಂದ ಮೇಲೆ, ಟೊಮೆಟೊ ಹಾಕಿದ ಮಾಂಸದಡುಗೆಗೆ ಹೇಳಿ ಮಾಡಿಸಿದ್ದು. ನಮಗೆ ಇದರಲ್ಲೊಂದು ಲಾಭವಿದೆ, ಈ ಇಟಾಲಿಯನ್ ತಳಿ ನಮ್ಮ ರಾಜ್ಯದಲ್ಲೇ ಬೆಳೆಯುತ್ತದೆ. ಹಂಪಿ ಕಡೆಯ ಗುಡ್ಡಗಳಲ್ಲಿ ಕ್ರಿಸ್ಮಾ ಎಸ್ಟೇಟ್ಸ್‌ನವರು ಸಾಂಜೊವೇಸೆ ವೈನ್ ಮಾಡುತ್ತಾರೆ. ಪಕ್ಕದ ಮಹಾರಾಷ್ಟ್ರದ ಅಕಲೂಜಿನಲ್ಲಿ ಇಟಲಿಯ ಸೆಚ್ಚಿ ಸಹೋದರರೂ ಎರಡು ಭಾರತೀಯ ಕುಟುಂಬಗಳೂ ಕೂಡಿ ಕಟ್ಟಿದ ಫ್ರಾತೆಲ್ಲಿಯದೂ ಒಂದು ಸಾಂಜೊವೇಸೆ ಇದೆ. ಅದನ್ನು ಕ್ಯಾಬರ್ನೆ ಸೊವಿನ್ಯೊಂ ಜೊತೆ ಬೆರೆಸಿದ ಅವರ ಸೆತ್ತೆ ಇನ್ನೂ ಗಟ್ಟಿ. ವರ್ಷಾನುಗಟ್ಟಲೆ ಶೇ 150ರಷ್ಟಿದ್ದ ಆಮದು ಸುಂಕದ ಹೊರೆ ಈ ಬಾಟಲಿಗಳ ಮೇಲಿಲ್ಲ. ಇಟಲಿಯಿಂದ ಬಂದದ್ದನ್ನು ಕೊಳ್ಳುವ ಮುಂಚೆ ಇವುಗಳಲ್ಲೊಂದನ್ನು ಕುಡಿದು ನೋಡುವುದು ಜಾಣತನ.

ನೆಬ್ಬಿಯೋಲೊ ಬಗ್ಗೆ ಬಿಡಿಸಿ ಹೇಳಲೇಬೇಕು, ಹೆಚ್ಚು ದುಡ್ಡು ಪೋಲಾಗುವುದು ಇದರ ಮೇಲೆ. ವಾಯವ್ಯದ ಪಿಯೆಮೊಂತೆಯ ಈ ತಳಿಯಿಂದಲೇ ಬರೋಲೊ, ಬಾರ್ಬರೆಸ್ಕೊ ಆಗುವುದು. ಲೋಟಕ್ಕೆ ಸುರಿದರೆ ಬಣ್ಣ ತೆಳು, ಅಂಚಿನಲ್ಲಿ ಇಟ್ಟಿಗೆಗೆಂಪು. ನೀರು ಬೆರೆಸಿದ್ದಾರೇನೋ ಅನ್ನಿಸುತ್ತದೆ. ಬಾಯಿಗಿಟ್ಟರೆ ಇಟಲಿಯ ಅತ್ಯಂತ ಬಿಗಿ ಒಗರುಗಳಲ್ಲೊಂದು. ಬರೋಲೊ ಕನಿಷ್ಠ 38 ತಿಂಗಳು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ ಮಾಗಿದ ಮೇಲೇ ಮಾರಾಟಕ್ಕೆ ಬರಬೇಕೆಂಬ ಕಾನೂನಿದೆ. ಮಾರಾಟಕ್ಕೆ ಬಂದ ಮೇಲೂ ಒಳ್ಳೆಯ ಬರೋಲೊ ಇನ್ನಷ್ಟು ವರ್ಷ ಕಾಯಬೇಕೆನ್ನುತ್ತದೆ. ಮೊದಲ ಬಾಟಲಿಗೆ ಇದು ಬೇಡ. ಆಸೆ ತಡೆಯದಿದ್ದರೆ ಲಾಂಗೆ ನೆಬ್ಬಿಯೋಲೊ ಕೇಳಿ, ಅದೇ ದ್ರಾಕ್ಷಿ, ಬೆಲೆ ಕಡಿಮೆ, ಬೇಗ ಕುಡಿಯಬಹುದು. ಅದೇ ಸೀಮೆಯ ಬಾರ್ಬೆರಾ ಇದಕ್ಕೆ ತದ್ವಿರುದ್ಧ: ಬಣ್ಣ ಕಡು, ಹುಳಿ ಜಾಸ್ತಿ, ಒಗರು ತೀರಾ ಕಡಿಮೆ. ಖಾರ ಬಿಡಲಾರೆವು ಅನ್ನುವ ಮನೆಗೆ, ನಾಟಿಕೋಳಿ ಸಾರಿಗೆ, ಬಾರ್ಬೆರಾ ದಾಸ್ತಿ ಅಥವಾ ದ'ಆಲ್ಬಾ.

ಪೂರ್ತಿ ಒಣ, ಅಂದರೆ ಸಿಹಿಯಿಲ್ಲದ 'ಡ್ರೈ' ರುಚಿ ಹಿಡಿಸದವರು, ಪೋರ್ಟ್ ವೈನಿನಿಂದ ಬರುತ್ತಿರುವವರು ದಕ್ಷಿಣದ ಪುಲ್ಯಾದ ಪ್ರಿಮಿತಿವೊ ತೆಗೆದುಕೊಳ್ಳಿ. ಡಿಎನ್‌ಎ ಪರೀಕ್ಷೆಯಲ್ಲಿ ಇದೂ ಕ್ಯಾಲಿಫೋರ್ನಿಯಾದ ಜಿನ್‌ಫ್ಯಾಂಡೆಲ್ಲೂ ಒಂದೇ ಎಂದು ಗೊತ್ತಾಗಿದೆ. ಮಾಗಿದ ಹಣ್ಣಿನ ರುಚಿ, ಸಿಹಿಯಿದೆಯೇನೋ ಎಂಬ ಭ್ರಮೆ, ಆಲ್ಕೋಹಾಲ್ ಮಾತ್ರ ಜೋರು. ಸಿಸಿಲಿಯ ನೇರೊ ದ'ಆವೊಲಾ ಕೂಡ ಮೆದು, ತರಕಾರಿ ಊಟಕ್ಕೂ ಸೈ. ಆಲ್ಯಾನಿಕೊ ಎಂಬ ಜ್ವಾಲಾಮುಖಿ ಮಣ್ಣಿನ ತಳಿ ಒಗರಿನಲ್ಲಿ ನೆಬ್ಬಿಯೋಲೊಗೆ ಸಮ, ಕಾಲು ಸೂಪಿನವರಿಗೆ ಮೀಸಲು. ಇನ್ನು ಅಮರೋನೆ. ವೆರೋನಾ ಹತ್ತಿರ ಗೊಂಚಲುಗಳನ್ನು ತಟ್ಟೆಗಳಲ್ಲಿ ಹರಡಿ ಮೂರು-ನಾಲ್ಕು ತಿಂಗಳು ಬಾಡಿಸಿ, ಅರೆ ಒಣಗಿದ ಹಣ್ಣಿನಿಂದ ಮಾಡುವ ವೈನ್. ಕಾನೂನಿನ ಪ್ರಕಾರವೇ ಶೇ 14ಕ್ಕೆ ಕಡಿಮೆ ಇರುವಂತಿಲ್ಲ. ಒಂದೇ ಬಾಟಲಿಗೆ ಅಷ್ಟು ಹಣ್ಣು ಬೇಕಾಗುವುದರಿಂದ ಬೆಲೆ ಮೇಲೆಯೇ ಇರುತ್ತದೆ. ದ್ರಾಕ್ಷಿ ಬೆಳೆಗಾರರಿಗೆ ಕುತೂಹಲ ಹುಟ್ಟಿಸುವ ವೈನ್ ಇದು, ಯಾರಾದರೂ ಉಡುಗೊರೆ ಕೊಟ್ಟರೆ ಬಿಡಬೇಡಿ.

ಹಂತ 4: ಲೇಬಲ್ ಓದಿ

ಬಾಟಲಿಯ ಮುಂಭಾಗದಲ್ಲಿ ದೊಡ್ಡಕ್ಷರದಲ್ಲಿ ಇರುವುದು ಕೆಲವೊಮ್ಮೆ ಊರು, ಕೆಲವೊಮ್ಮೆ ತಳಿ, ಕೆಲವೊಮ್ಮೆ ಮಾಡಿದವರ ಮನೆತನ. ಅದರ ಕೆಳಗೆ ಡಿಒಸಿಜಿ, ಡಿಒಸಿ, ಐಜಿಟಿ ಎಂಬ, ಮೇಲಿನಿಂದ ಕೆಳಕ್ಕೆ ದರ್ಜೆ ತಿಳಿಸುವ ಅಕ್ಷರಗಳಲ್ಲಿ ಒಂದನ್ನು ಹುಡುಕಿ. ಡಿಒಸಿಜಿ ಕಟ್ಟುನಿಟ್ಟಾದ ಮೇಲಿನ ದರ್ಜೆ, ಕತ್ತಿನ ಮೇಲೆ ಕ್ರಮಸಂಖ್ಯೆಯಿರುವ ಸರ್ಕಾರಿ ಪಟ್ಟಿ ಅಂಟಿಸಿರುತ್ತದೆ. ಯಾವ ಸೀಮೆ, ಯಾವ ತಳಿ, ಎಷ್ಟು ತಿಂಗಳು ಮಾಗಬೇಕು ಎಂಬುದಕ್ಕೆಲ್ಲ ನಿಯಮವಿದೆ ಎಂದಷ್ಟೇ ಅದು ಹೇಳುತ್ತದೆ, ರುಚಿಗೆ ಜಾಮೀನು ಕೊಡುವುದಿಲ್ಲ. 1970ರ ದಶಕದಲ್ಲಿ ಟಸ್ಕನಿಯ ತಿನ್ಯಾನೆಲ್ಲೊ ನಿಯಮ ಮೀರಿದ್ದಕ್ಕೆ ಕೆಳದರ್ಜೆಯ ಮೇಜಿನ ವೈನ್ ಎಂದೇ ಮಾರಾಟವಾಗುತ್ತಿತ್ತು. ಇವತ್ತು ಅದರ ಬೆಲೆ ಕೇಳಿದರೆ ಕೂರಬೇಕಾಗುತ್ತದೆ.

ರಿಸೆರ್ವಾ ಎಂದಿದ್ದರೆ ಹೆಚ್ಚು ಕಾಲ ಮಾಗಿದ್ದು. ಕ್ಲಾಸಿಕೊ ಎಂದರೆ ಆ ಸೀಮೆಯ ಹಳೆಯ ನಡುಭಾಗದ್ದು. ಕಿಯಾಂಟಿ ಕ್ಲಾಸಿಕೊ ಬಾಟಲಿಯ ಮೇಲೆ ಕಪ್ಪು ಹುಂಜದ ಗುರುತಿರುತ್ತದೆ, ನೆನಪಿಟ್ಟುಕೊಳ್ಳಲು ಸುಲಭ. ಕೊಯ್ಲಿನ ವರ್ಷ ನೋಡಿ. ಕಡಿಮೆ ಬೆಲೆಯ ಮೊಂತೆಪುಲ್ಚಾನೊ, ಪ್ರಿಮಿತಿವೊಗಳನ್ನು ನಾಲ್ಕೈದು ವರ್ಷದೊಳಗೆ ಕುಡಿದರೇ ಚೆನ್ನ. ಹಳೆಯದಾದಷ್ಟೂ ಒಳ್ಳೆಯದು ಎಂಬ ಮಾತು ಇವಕ್ಕೆ ಅನ್ವಯಿಸದು.

ಹಂತ 5: ಎಲ್ಲಿ ಕೊಳ್ಳುವುದು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ನಾಲ್ಕೂ ಊರುಗಳಲ್ಲಿ 'ವೈನ್ಸ್' ಬೋರ್ಡಿನ ಅಂಗಡಿಗಳಿಗೆ ಕೊರತೆಯಿಲ್ಲ, ಎಂಎಸ್‌ಐಎಲ್ ಮಳಿಗೆಗಳೂ ಉಂಟು. ಒಳಗೆ ಹೋದರೆ ಬ್ರಾಂದಿ, ವಿಸ್ಕಿ, ಬಿಯರ್. ವೈನ್ ಕೇಳಿದರೆ ಮಾತುಕತೆ ಹೀಗಿರುತ್ತದೆ:

'ಅಣ್ಣಾ, ಇಟಲಿ ರೆಡ್ ವೈನ್ ಐತಾ?'

'ಪೋರ್ಟ್ ವೈನ್ ಐತೆ ಸಾರ್, ಸ್ವೀಟು. ಲೇಡೀಸೂ ತಗೊಂಡೋಗ್ತಾರೆ.'

'ಸ್ವೀಟ್ ಬೇಡ, ಡ್ರೈ ಬೇಕಾಗಿತ್ತು.'

'ಡ್ರೈ ಅಂದ್ರೆ ಇದೊಂದೇ ಇರೋದು ಸಾರ್. ಬೇಕಾದ್ರೆ ಹೆಸ್ರು ಬರ್ಕೊಡಿ, ಸ್ಟಾಕ್ ಇದ್ರೆ ತರಿಸ್ತೀನಿ.'

ಕೊನೆಯ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ರಾಜ್ಯದ ಮದ್ಯವೆಲ್ಲ ಕರ್ನಾಟಕ ರಾಜ್ಯ ಪಾನೀಯ ನಿಗಮದ ಡಿಪೊಗಳ ಮೂಲಕವೇ ಅಂಗಡಿಗೆ ಬರುವುದು. ಪರಿಚಯದ ಅಂಗಡಿಯವರಿಗೆ ಕಂಪನಿ, ತಳಿ ಎರಡನ್ನೂ ಬರೆದು ಕೊಟ್ಟರೆ ಭಾರತೀಯ ಸಾಂಜೊವೇಸೆ ಊರಿಗೇ ಬರುವ ಸಾಧ್ಯತೆ ಇದೆ. ಇಟಲಿಯಿಂದ ಆಮದಾದದ್ದಕ್ಕೆ ಮಾತ್ರ ಬೆಂಗಳೂರೇ ಗತಿ. ಹೆಬ್ಬಾಳ, ಸಹಕಾರನಗರ ದಾಟುವ ಮುಂಚೆಯೇ ದೊಡ್ಡ ಅಂಗಡಿಗಳಿವೆ ಎಂದು ನುಗ್ಗಬೇಡಿ, ವೈನಿಗೆಂದೇ ಎ.ಸಿ. ಕೋಣೆ ಇಟ್ಟಿರುವ ಅಂಗಡಿ ಯಾವುದೆಂದು ಫೋನಿನಲ್ಲಿ ವಿಚಾರಿಸಿ. ಬಜೆಟ್ ಮೊದಲೇ ಹೇಳಿಬಿಡಿ, ನಾಚಿಕೆ ಬೇಡ. 'ಮಟನ್ ಸಾರಿಗೆ ಬೇಕು, ಡ್ರೈ ಇರಲಿ, ಇಷ್ಟರೊಳಗೆ' ಅಂದರೆ ತಿಳಿದ ಸೇಲ್ಸ್‌ನವರು ಸರಿಯಾದ ಕಪಾಟಿಗೇ ಕರೆದೊಯ್ಯುತ್ತಾರೆ.

ಇನ್ನೊಂದು ದಾರಿ ದೇವನಹಳ್ಳಿಯ ವಿಮಾನ ನಿಲ್ದಾಣ. ದುಬೈನಿಂದಲೋ ಅಮೆರಿಕದಿಂದಲೋ ಬರುವ ಮಗಳು, ಅಳಿಯ, ಸೋದರಳಿಯ ಯಾರಾದರೂ ಇದ್ದರೆ ಒಬ್ಬರಿಗೆ 2 ಲೀಟರ್‌ವರೆಗೆ ಸುಂಕವಿಲ್ಲದೆ ತರಬಹುದು, ಅಂದರೆ 750 ಮಿ.ಲೀ.ನ ಎರಡು ಬಾಟಲಿ. ವಿಸ್ಕಿ ತರಲು ಹೇಳುವ ಅಭ್ಯಾಸ ಬಿಟ್ಟು ಒಮ್ಮೆ ಬ್ರುನೆಲ್ಲೊ ತರಿಸಿ. ಎಲ್ಲಿ ಕೊಂಡರೂ ಬಿಲ್ ಇಟ್ಟುಕೊಳ್ಳಿ, ಮನೆಯಲ್ಲಿ ಎಷ್ಟು ಇಟ್ಟುಕೊಳ್ಳಬಹುದೆಂಬುದಕ್ಕೂ ಅಬಕಾರಿ ಮಿತಿ ಇದೆ. ಕೊಳ್ಳುವವರಿಗೆ 21 ತುಂಬಿರಬೇಕು.

ಹಂತ 6: ಕೌಂಟರಿನಲ್ಲೇ ಬಾಟಲಿ ತಿರುಗಿಸಿ ನೋಡಿ

ಅಬಕಾರಿ ಇಲಾಖೆಯ ಅಂಟುಚೀಟಿ, ಆಮದುದಾರರ ಹೆಸರು-ವಿಳಾಸದ ಚೀಟಿ, ಎಂಆರ್‌ಪಿ ಇವೆಯೇ ನೋಡಿ. ಆಮೇಲೆ ಬಾಯಿಯ ಭಾಗ. ಬಿರಡೆ ಅಂಚಿಗಿಂತ ಮೇಲೆ ಉಬ್ಬಿದೆಯೇ, ಕತ್ತಿನ ಹೊದಿಕೆಯ ಕೆಳಗೆ ಅಂಟಂಟು ಕಲೆ ಇಳಿದಿದೆಯೇ? ಹಾಗಿದ್ದರೆ ಆ ಬಾಟಲಿ ಬಿಸಿಲಿನಲ್ಲಿ, ಲಾರಿಯಲ್ಲಿ ಬೆಂದಿದೆ. ಒಂದೇ ವೈನಿನ ಎರಡು ಬಾಟಲಿ ಅಕ್ಕಪಕ್ಕ ಹಿಡಿದು, ಯಾವುದರಲ್ಲಿ ಮಟ್ಟ ಕೆಳಗಿದೆಯೋ ಅದನ್ನು ಬಿಡಿ. ಶೋಕೇಸಿನಲ್ಲಿ ದೀಪದ ಕೆಳಗೆ ವರ್ಷಗಟ್ಟಲೆ ನಿಂತು ಧೂಳು ಹಿಡಿದದ್ದನ್ನು ಡಿಸ್ಕೌಂಟ್ ಕೊಟ್ಟರೂ ಬೇಡ. ತಿರುಪು ಮುಚ್ಚಳ ಕಂಡು ಕಳಪೆ ಎಂದುಕೊಳ್ಳುವವರಿದ್ದಾರೆ, ನಮ್ಮ ಹವೆಗೆ ಅದೇ ಕ್ಷೇಮ.

ಹಂತ 7: ಮನೆಗೆ ತಂದ ಮೇಲೆ

ಏಪ್ರಿಲ್‌ನಲ್ಲಿ ಕಾರಿನ ಡಿಕ್ಕಿಯಲ್ಲಿ ಬಾಟಲಿ ಬಿಟ್ಟು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋಗಿ ರೇಷ್ಮೆಗೂಡಿನ ಹರಾಜು ಮುಗಿಸಿ ಬರುತ್ತೇವೆಂದರೆ ಆಗದು. ಮನೆಯಲ್ಲಿ ಫ್ರಿಜ್ಜಿನ ತಲೆ ಮೇಲೆ, ಅಟ್ಟದ ಮೇಲೆ ಇಡಬೇಡಿ. ಬೀರುವಿನ ಕೆಳಗಿನ ಖಾನೆಯಲ್ಲಿ, ಬಟ್ಟೆಯ ಮಧ್ಯೆ ಮಲಗಿಸಿ.

ಕೆಂಪು ವೈನ್ ಕೋಣೆಯ ಬಿಸಿಗೇ ಇರಬೇಕು ಎಂದು ಹೇಳಿದವರು ಯುರೋಪಿನ ಚಳಿಯ ಮನೆಗಳಲ್ಲಿ ಇದ್ದವರು. ಬೇಕಾದದ್ದು 16ರಿಂದ 18 ಡಿಗ್ರಿ. ಡಿಸೆಂಬರಿನ ರಾತ್ರಿ ಚಿಕ್ಕಬಳ್ಳಾಪುರದಲ್ಲಿ ಏನೂ ಮಾಡಬೇಕಿಲ್ಲ, ಬೇಸಿಗೆಯಲ್ಲಿ ಊಟಕ್ಕೆ ಮುಂಚೆ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಬಿಸಿಯಾದ ಗಟ್ಟಿ ವೈನಿನಲ್ಲಿ ಆಲ್ಕೋಹಾಲ್ ಒಂದೇ ಮೂಗಿಗೆ ಬಡಿಯುತ್ತದೆ, ತೀರಾ ತಣ್ಣಗಾದರೆ ಒಗರು ಇಮ್ಮಡಿಸುತ್ತದೆ. ಐಸು, ಸೋಡಾ ದಯವಿಟ್ಟು ಬೇಡ.

ಒಗರು ಹೆಚ್ಚಿರುವ ಸಾಂಜೊವೇಸೆ, ಆಲ್ಯಾನಿಕೊಗಳನ್ನು ಊಟಕ್ಕೆ ಒಂದು ಗಂಟೆ ಮೊದಲೇ ಗಾಜಿನ ಜಗ್ಗಿಗೆ ಸುರಿದಿಟ್ಟರೆ ಗಾಳಿ ತಾಕಿ ಸಡಿಲಾಗುತ್ತವೆ. ಬಿರಡೆ ತೆಗೆದು ಬಾಟಲಿಯಲ್ಲೇ ಬಿಟ್ಟರೆ ಏನೂ ಆಗದು, ಕತ್ತು ಅಷ್ಟು ಕಿರಿದು. ದೊಡ್ಡ ಗಾಜಿನ ಲೋಟ ಸಾಕು, ಮೂರನೇ ಒಂದು ಭಾಗ ಮಾತ್ರ ತುಂಬಿಸಿ. ಒಂದು ಬಾಟಲಿಯಲ್ಲಿ 150 ಮಿ.ಲೀ.ನ ಐದು ಲೋಟ. ನಾಲ್ಕು ಜನರ ಊಟಕ್ಕೆ ಅದು ಸಾಕು ಎಂಬುದು ನನ್ನ ಲೆಕ್ಕ, ನಿಮ್ಮ ಭಾವಮೈದುನನ ಲೆಕ್ಕ ಬೇರೆ ಇರಬಹುದು. ಉಳಿದರೆ ಬಿರಡೆ ಹಾಕಿ ಫ್ರಿಜ್ಜಿನಲ್ಲಿಟ್ಟು ಮೂರು ದಿನದೊಳಗೆ ಮುಗಿಸಿ.

ಬಾಟಲಿ ಗುಜರಿಗೆ ಹೋಗುವ ಮುಂಚೆ ಹಿಂದಿನ, ಮುಂದಿನ ಎರಡೂ ಲೇಬಲ್‌ಗಳ ಫೋಟೊ ತೆಗೆದು, 'ಒಗರು ಜಾಸ್ತಿ', 'ಖಾರಕ್ಕೆ ಆಗಲಿಲ್ಲ', 'ಅಮ್ಮನಿಗೂ ಹಿಡಿಸ್ತು' ಎಂದು ಒಂದು ಸಾಲು ಬರೆದಿಡಿ. ಮುಂದಿನ ಸಲ ಅಂಗಡಿಯಲ್ಲಿ ಆ ಫೋಟೊ ತೋರಿಸಿದರೆ ಸಾಕು. ಮೊಂತೆಪುಲ್ಚಾನೊ ಇನ್ನೂ ಗಟ್ಟಿಯಿರಬೇಕಿತ್ತು ಅನ್ನಿಸಿದ್ದರೆ ಆಲ್ಯಾನಿಕೊ ಅಥವಾ ಕಿಯಾಂಟಿ ಕ್ಲಾಸಿಕೊ ರಿಸೆರ್ವಾ ಕೇಳಿ. ಬಾಯಿ ಒಣಗಿತು ಅನ್ನಿಸಿದ್ದರೆ ಬಾರ್ಬೆರಾ. ಸಿಹಿಯ ನೆನಪು ಇನ್ನೂ ಬಿಟ್ಟಿಲ್ಲವಾದರೆ ಪ್ರಿಮಿತಿವೊ.